ಎಲ್ಲಾ ಗಾಡಿಗೂ ಒಂದೇ ತೂಕ

ಮದ್ದೂರು ದಾಟಿ, ಶಿಂಷಾ ಸೇತುವೆಯ ಆಚೆ
ತಗಡಿನ ಸೂರಿನ ತೂಕದ ಮನೆ.
ಬೆಳಗಿನ ನಾಲ್ಕಕ್ಕೆ ಫೋನು:
‘ಮೇಡಂ, ಮಿಷನ್ನಿಗೆ ದೆವ್ವ ಮೆಟ್ಕಂಡದೆ.’

ಹೋಗಿ ನೋಡಿದರೆ ತಟ್ಟೆಯ ಮೇಲೆ ಜವರಮ್ಮನ ಕಬ್ಬಿನ ಗಾಡಿ,
ತೆರೆಯ ಮೇಲೆ
ಇಪ್ಪತ್ತಾರು ಕೋಟಿ ಎಂಬತ್ತನಾಲ್ಕು ಲಕ್ಷ ಚಿಲ್ಲರೆ ಕಿಲೊ.
‘ನನ್ನೆತ್ಗಳ್ಗೆ ಹೇಳ್ಬ್ಯಾಡ ಕಣವ್ವ,’ ಅಂದಳು,
‘ಇಲ್ಲೇ ಮನಿಕ್ಕಬುಡ್ತವೆ.’

ಗಾಡಿ ಇಳಿಸಿದೆವು. ಅದೇ ಅಂಕಿ.
ಟ್ರ್ಯಾಕ್ಟರ್ ಹತ್ತಿಸಿದೆವು. ಅದೇ.
ಟೀ ಕುಡಿದು ಬರುವಷ್ಟರಲ್ಲಿ ಬೀದಿನಾಯಿಯೊಂದು
ತಟ್ಟೆಯ ನಡುವೆ ಸುರುಳಿ ಸುತ್ತಿ ಮಲಗಿತ್ತು,
ಅದಕ್ಕೂ ಇಪ್ಪತ್ತಾರು ಕೋಟಿ.

ಇದು ತೂಕವಲ್ಲ.
ತೂಕ ಇಷ್ಟು ಹಟ ಹಿಡಿಯುವುದಿಲ್ಲ.

ಪಾಲಿಟೆಕ್ನಿಕ್ಕಿನ ಸೋಮಾಚಾರ್ ಮೇಷ್ಟ್ರು ಬರೆದ ಪಾಸ್ಕಲ್ ಪ್ರೋಗ್ರಾಮು,
ಇಪ್ಪತ್ತು ಹಂಗಾಮು ಕಂಡಿದೆ, ಒಂದು ದಿನ ಕೆಮ್ಮಿಲ್ಲ.
ಹೋದ ವಾರ ಕಂಪನಿಯವರು ಪೆಟ್ಟಿಗೆ ಬದಲಿಸಿ
ಜೊತೆಗೊಂದು ಸಿ ಲೈಬ್ರರಿ ಕೊಟ್ಟು ಹೋದರು.
ಎರಡರ ನಡುವಿನ ನಾಲ್ಕು ಸಾಲು ಹೊಲಿದದ್ದು
ಅವರದೇ ಒಬ್ಬ ಹುಡುಗ. ಬಸ್ಸಿಗೆ ಹೊತ್ತಾಗಿತ್ತೇನೋ.

ಸಿ ಕೈಗಿಡುವುದು ತೂಕವನ್ನಲ್ಲ,
ತೂಕ ಇಟ್ಟ ಗೂಡಿನ ವಿಳಾಸ.
ಹುಡುಗ ಅದನ್ನು ಬರಿಯ ಇಂಟಿಜರ್ ಎಂದು ಸಾರಿದ್ದ.
ಪಾಸ್ಕಲ್ಲು, ಪಾಪ, ಕೊಟ್ಟ ಮಾತನ್ನು ನಂಬುತ್ತದೆ:
ಮನೆ ನಂಬರನ್ನೇ
ಮನೆಯೊಳಗಿನ ಮಂದಿಯೆಂದು ಎಣಿಸಿ ಕೂತಿತ್ತು.

ಇಂಟಿಜರಿನ ಹಿಂದೆ ಒಂದು ‘ಪಿ’ ಸೇರಿಸಿದೆ.
ಓದುವ ಕಡೆ, ಹೆಸರಿನ ಬೆನ್ನಿಗೆ,
ಗುಡಿಸಲ ಸೂರಿನಂಥ ಪುಟ್ಟ ಗುರುತು.
ಬಾಗಿಲಲ್ಲೇ ನಿಲ್ಲಬೇಡ, ಒಳಗೆ ಹೋಗಿ ನೋಡು, ಅಂತ.

ಚೀಟಿ ಹೊರಬಂತು: ‘ಜವರಮ್ಮಗೌಡ’.
‘ಅದ್ಯಾರವ್ವ?’
ಹಿಂದಿನ ಗಾಡಿ ತಿಮ್ಮೇಗೌಡರದು.
ಪಾಸ್ಕಲ್ ಹೆಸರಿನ ಉದ್ದವನ್ನು ಮೊದಲೇ ಬರೆದಿಡುತ್ತದೆ,
ಸಿ ಕೊನೆಯ ಸೊನ್ನೆ ಸಿಗುವ ತನಕ ನಡೆಯುತ್ತಲೇ ಇರುತ್ತದೆ.
ಯಾರೂ ಸೊನ್ನೆ ಇಟ್ಟಿರಲಿಲ್ಲ;
ಅವಳ ಹೆಸರು ಮುಗಿದರೂ ಗೌಡರ ಬಾಲ ಮುಗಿದಿರಲಿಲ್ಲ.

ಇನ್ನೊಂದು: ಊಟಕ್ಕೆ ಕರೆದ ಮೇಲೆ ಎಲೆ ಎತ್ತುವವರು ಯಾರು?
ಕರೆದವರೇ ಎತ್ತಲಿ ಎನ್ನುವುದು ಸಿ ಮನೆಯ ಪದ್ಧತಿ.
ಹುಡುಗ ಬರೆದದ್ದು ಬಂದವರೇ ಎತ್ತುವ ಮನೆಯದು.
ಹೀಗೆ ಯಾರೂ ಎತ್ತದೆ, ಸುತ್ತು ಸುತ್ತಿಗೂ ಎಂಜಲೆಲೆ ಪೇರಿ,
ನೂರು ಗಾಡಿಗೊಮ್ಮೆ ಪ್ರೋಗ್ರಾಮು ಸದ್ದಿಲ್ಲದೆ ಸಾಯುತ್ತಿತ್ತು.
ಒಂದೇ ಪದ ಬದಲಿಸಿದೆ. ಅದಕ್ಕೆ ಮಾತ್ರ ಒಂದು ಗಂಟೆ ಹಿಡಿಯಿತು.

ಕೊನೆಗೆ, ಒಳಗೆ ಹೋಗುವ ಮುಂಚೆ ಒಂದು ಸಾಲು:
ಮನೆ ಇದೆಯೋ ಇಲ್ಲವೋ ಕೇಳು.

ಹೆದ್ದಾರಿ ಅಗಲವಾದಾಗ ಅಪ್ಪನ ವಾಚ್ ರಿಪೇರಿ ಅಂಗಡಿ ಹೋಯಿತು.
ಆ ಜಾಗದಲ್ಲೀಗ ಲಾರಿಗಳು ಎಂಬತ್ತರ ವೇಗದಲ್ಲಿ.
ನನ್ನ ಆಧಾರ್ ಕಾರ್ಡಿನಲ್ಲಿ ಇನ್ನೂ ಅದೇ ವಿಳಾಸ,
ನಂಬರ್ ಸಹಿತ, ಅಡ್ಡರಸ್ತೆ ಸಹಿತ.
ಬಿಟ್ಟುಕೊಟ್ಟ ತಕ್ಷಣ ನಿಲ್ ಎಂದು ಬರೆಯಬೇಕು:
ಪರರ ಕೋಡಿನಲ್ಲಿ ಎಷ್ಟು ಸಲ ಬರೆದಿದ್ದೇನೆ!

ಬಿಸಿಲು ಏರಿತು. ಗಾಡಿ ಮತ್ತೆ ಹತ್ತಿತು.
ಎರಡು ಸಾವಿರದ ನೂರ ನಲವತ್ತು.
ಒಂದು ಎತ್ತು ಕಾಲು ಬದಲಿಸಿತು, ಅಂಕಿ ನಡುಗಿತು,
ನೂರ ಮೂವತ್ತೆಂಟು, ನಲವತ್ತೊಂದು, ನಲವತ್ತು.
ಆ ನಡುಕ ನೋಡಿ ಜೀವ ಬಂತು ನನಗೆ.

ಜವರಮ್ಮ ಚೀಟಿಯನ್ನು ತಿರುಗಿಸಿ ಮುರುಗಿಸಿ ನೋಡಿದಳು.
‘ಇನ್ನೊಂದ್ ಹತ್ ಕೆಜಿ ಬರ್ಬೇಕಾಗಿತ್ತು.
ದಾರೀಲಿ ಇಸ್ಕೂಲ್ ಐಕ್ಳು ಜಲ್ಲೆ ಕಿತ್ಕಂಡ್ವು.’
ಅಂದು, ಗಾಡಿಯಿಂದ ತಾನೂ ಒಂದು ಜಲ್ಲೆ ಎಳೆದು,
ಮೊಣಕಾಲಿಗಿಟ್ಟು ಮುರಿದು, ಅರ್ಧ ನನಗೆ ಕೊಟ್ಟಳು,
ತೂಕ ಬರೆದುಕೊಂಡಾದ ಮೇಲೆ.